ತಕ್ಕಡಿ ತೋರಿಸುವ ಕೊಬ್ಬಿನ ಲೆಕ್ಕ ಎಷ್ಟು ನಿಜ?

ಇತ್ತೀಚೆಗೆ ನನಗೆ ಬರುವ ಪತ್ರಗಳ ಜೊತೆ ಮೈಯ ಕೊಬ್ಬು ಹೇಳುವ ಯಂತ್ರ ಕೊಟ್ಟ ಚೀಟಿಯ ಫೋಟೊ ಇದ್ದೇ ಇರುತ್ತದೆ. ಕೊಬ್ಬು ಇಷ್ಟು, ನೀರು ಇಷ್ಟು, ಸ್ನಾಯು ಇಷ್ಟು. ಕೇಳುವುದೂ ಒಂದೇ ಪ್ರಶ್ನೆ: ಇದು ನಿಜವಾ? ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಂಕಿ) ಲೆಕ್ಕ ಹಾಕುವುದು ಹೇಗೆ ಅಂತ ಮತ್ತೆ ಬರೆಯುವುದಿಲ್ಲ.

"ಡಾಕ್ಟ್ರೇ, ನಾನು ಹೈಸ್ಕೂಲ್ ಮೇಷ್ಟ್ರು. ತೂಕ 70 ಕೆಜಿ. ಜಿಮ್ಮಿನ ಮಷಿನ್ ಬೆಳಿಗ್ಗೆ ಕೊಬ್ಬು ಶೇ 28 ಅಂತು. ಅವತ್ತೇ ಸಂಜೆ, ವ್ಯಾಯಾಮ ಆದ ಮೇಲೆ, ಶೇ 25. ಮನೆಯ ತಕ್ಕಡಿಯಲ್ಲಿ ಶೇ 22. ಯಾವುದು ಸರಿ?" (ವಿದ್ಯಾನಗರ, ದಾವಣಗೆರೆ)

ಮೇಷ್ಟ್ರೇ, ಮೂರೂ ಅಂದಾಜು. ಬದುಕಿರುವ ಮನುಷ್ಯನ ಕೊಬ್ಬನ್ನು ನೇರವಾಗಿ ತೂಗುವ ಯಂತ್ರ ಇಲ್ಲ.

ನೀವು ಹತ್ತಿದ ಯಂತ್ರ ನಿಮ್ಮ ಮೈಯೊಳಗೆ ತೀರಾ ಸಣ್ಣ ಕರೆಂಟ್ ಹರಿಸುತ್ತದೆ. ನೀರು, ಉಪ್ಪು ಇರುವ ಸ್ನಾಯುವಿನಲ್ಲಿ ಕರೆಂಟ್ ಸಲೀಸಾಗಿ ಹೋಗುತ್ತದೆ. ಕೊಬ್ಬಿನಲ್ಲಿ ತಡೆ ಜಾಸ್ತಿ. ಯಂತ್ರ ನಿಜವಾಗಿ ಅಳೆಯುವುದು ಆ ತಡೆಯನ್ನು ಮಾತ್ರ. ಅದಕ್ಕೆ ನಿಮ್ಮ ಎತ್ತರ, ತೂಕ, ವಯಸ್ಸು ಸೇರಿಸಿ, ಮೈಯಲ್ಲಿ ಎಷ್ಟು ನೀರಿದೆ ಅಂತ ಊಹಿಸುತ್ತದೆ. ಕೊಬ್ಬು ಬಿಟ್ಟು ಉಳಿದ ದೇಹದಲ್ಲಿ ಸುಮಾರು ಶೇ 73 ನೀರು ಅನ್ನುವುದು ಹಳೆಯ ಲೆಕ್ಕ. ಆ ಲೆಕ್ಕದಿಂದ ಕೊಬ್ಬಿಲ್ಲದ ತೂಕ ಬರುತ್ತದೆ. ನಿಮ್ಮ ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಉಳಿದದ್ದು ಕೊಬ್ಬು.

ಗಣಿತ ನೋಡಿ. ನಿಮ್ಮಲ್ಲಿ 38 ಲೀಟರ್ ನೀರಿದೆ ಅಂತ ಯಂತ್ರ ಊಹಿಸಿದರೆ ಕೊಬ್ಬಿಲ್ಲದ ತೂಕ 52 ಕೆಜಿ, ಕೊಬ್ಬು 18 ಕೆಜಿ. ಅಂದರೆ ಶೇ 26ರ ಹತ್ತಿರ. ಅದೇ ಊಹೆ 37 ಲೀಟರ್‌ಗೆ ಇಳಿದರೆ ಕೊಬ್ಬು ಶೇ 27.6 ಆಗುತ್ತದೆ. ಒಂದು ಲೀಟರ್ ನೀರಿನ ತಪ್ಪು, ಎರಡು ಶೇಕಡಾ ಕೊಬ್ಬು!

ಇನ್ನು ಆ ಊಹೆ ತಪ್ಪುವುದಕ್ಕೆ ಏನು ಬೇಕು? ನೀವು ದಿನವೆಲ್ಲ ಬೋರ್ಡ್ ಮುಂದೆ ನಿಂತಿರುತ್ತೀರಿ. ಸಂಜೆಗೆ ಕಾಲಿಗೆ ನೀರು ಇಳಿದಿರುತ್ತದೆ. ವ್ಯಾಯಾಮದಿಂದ ಚರ್ಮ ಬಿಸಿಯಾಗಿ ಅಂಗಾಲು ಬೆವರಿರುತ್ತದೆ. ತಡೆ ಕಡಿಮೆಯಾಗುತ್ತದೆ, ಕೊಬ್ಬು ಕರಗಿದಂತೆ ಕಾಣುತ್ತದೆ. ಬೆಣ್ಣೆ ದೋಸೆ ತಿಂದು, ಎರಡು ಲೋಟ ನೀರು ಕುಡಿದು ಹತ್ತಿದರೆ ಉಲ್ಟಾ. ಹೊಟ್ಟೆಯಲ್ಲಿರುವ ಆ ಭಾರವೂ ಕೊಬ್ಬಿನ ಖಾತೆಗೇ ಹೋಗುತ್ತದೆ. ಮನೆಯ ತಕ್ಕಡಿಯಲ್ಲಂತೂ ಕರೆಂಟ್ ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಹೊಟ್ಟೆಯ ಕೊಬ್ಬು ಅದಕ್ಕೆ ಬಹುತೇಕ ಕಾಣುವುದೇ ಇಲ್ಲ.

ಹಾಗಾದರೆ ಮೈಯ ನೀರನ್ನು ಸರಿಯಾಗಿ ಅಳೆಯುವ ದಾರಿ ಇಲ್ಲವಾ? ಇದೆ. ಭಾರಜಲ, ಅಂದರೆ ಹೈಡ್ರೋಜನ್‌ನ ಭಾರವಾದ ರೂಪ ಇರುವ ನೀರು. ತೂಕ ಮಾಡಿದ ಸ್ವಲ್ಪ ಭಾರಜಲ ಕುಡಿಸುತ್ತಾರೆ. ಮೂರರಿಂದ ಐದು ಗಂಟೆ ಬಿಟ್ಟು ಜೊಲ್ಲು ತೆಗೆದು, ಅದರಲ್ಲಿ ಭಾರಜಲ ಎಷ್ಟು ತೆಳುವಾಗಿದೆ ನೋಡುತ್ತಾರೆ. ಬಿಂದಿಗೆಗೆ ಒಂದು ಚಮಚ ಬಣ್ಣ ಹಾಕಿ, ಬಣ್ಣ ಎಷ್ಟು ತಿಳಿಯಾಯಿತು ಅಂತ ನೋಡಿ ನೀರು ಎಷ್ಟಿದೆ ಹೇಳುವ ಹಾಗೆ. 1934ರಲ್ಲೇ ಹೆವೆಶಿ ಮತ್ತು ಹೋಫರ್ ಅನ್ನುವ ವಿಜ್ಞಾನಿಗಳು ಇದನ್ನು ಮಾಡಿ ತೋರಿಸಿದರು. ಹೆದರಬೇಡಿ, ಅದರಲ್ಲಿ ವಿಕಿರಣ ಇಲ್ಲ. ನಾವು ಕುಡಿಯುವ ನೀರಲ್ಲೂ ಅದರ ಅಂಶ ಇದ್ದೇ ಇದೆ. ಆದರೆ ಇದು ಸಂಶೋಧನಾ ಸಂಸ್ಥೆಗಳ ಕೆಲಸ, ಜಿಮ್ಮಿನದ್ದಲ್ಲ. ನಿಮಗೆ ಬೇಕಾಗಿಯೂ ಇಲ್ಲ.

ನಿಮಗೆ ಒಂದೇ ಯಂತ್ರ ಸಾಕು. ತಿಂಗಳಿಗೊಮ್ಮೆ, ಬೆಳಿಗ್ಗೆ ಶೌಚ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ಹತ್ತಿ. ನಾಲ್ಕೈದು ತಿಂಗಳ ಅಂಕಿ ಯಾವ ಕಡೆ ಸಾಗುತ್ತಿದೆ ಅಂತ ಮಾತ್ರ ನೋಡಿ. ಜೊತೆಗೆ ಟೈಲರ್ ಟೇಪ್ ತಗೊಂಡು ಸೊಂಟ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ನನಗೆ ಆ ಚೀಟಿಗಿಂತ ಈ ಟೇಪಿನ ಮೇಲೆ ನಂಬಿಕೆ ಜಾಸ್ತಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಬ್ಬ ಹಿರಿಯರನ್ನು ಮನೆಯವರು ಖುಷಿಯಿಂದಲೇ ನನ್ನ ಹತ್ತಿರ ಕರೆತಂದಿದ್ದರು. ಬೆಳಿಗ್ಗೆ ಪೌಷ್ಟಿಕ ಪುಡಿ ಕಲಸಿ ಕೊಡುವ ಒಂದು ಕಡೆ, "ಸ್ನಾಯು ಮೂರು ಕೆಜಿ ಬೆಳೆದಿದೆ" ಅಂತ ಚೀಟಿ ಕೊಟ್ಟಿದ್ದರು. ನಾನು ಪಂಚೆ ಸರಿಸಿ ಮೊಣಕಾಲ ಕೆಳಗೆ ಬೆರಳು ಒತ್ತಿದೆ. ಗುಳಿ ಬಿತ್ತು, ಮೇಲೇಳಲಿಲ್ಲ. ಅದು ಸ್ನಾಯು ಅಲ್ಲ, ಹೃದಯ ಸೋತು ಕಾಲಿನಲ್ಲಿ ತುಂಬಿದ್ದ ನೀರು. ಆ ಪುಡಿಗೆ ಕೊಟ್ಟ ದುಡ್ಡು ಹೋಗಲಿ, ಎರಡು ತಿಂಗಳು ಹಾಳಾಯಿತಲ್ಲ. ಹೃದಯ, ಕಿಡ್ನಿ, ಲಿವರ್ ತೊಂದರೆ ಇರುವವರು, ಬಸುರಿಯರು ಈ ಚೀಟಿಯನ್ನು ನಂಬಲೇಬೇಡಿ.

"ಬಿಎಂಐ 22 ಇದೆ, ಆದರೂ ಹೊಟ್ಟೆ ಇದೆ. ಚಿಂತೆ ಇಲ್ಲ ತಾನೇ?" (ಜಗಳೂರು)

ಇದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮದೇ ಅಳತೆ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರಲ್ಲಿ ಶೇ 21.2. ಸಣ್ಣಗೆ ಕಂಡರೂ ಕೊಬ್ಬಿರುವುದು ನಮ್ಮವರ ಮೈಕಟ್ಟು. ಸೊಂಟ ಅಳೆಯಿರಿ, ಸಕ್ಕರೆ ಪರೀಕ್ಷೆ ಮಾಡಿಸಿ.

"ಮಗ ಕುಸ್ತಿ ಆಡ್ತಾನೆ. ಎರಡು ದಿನದಲ್ಲಿ 3 ಕೆಜಿ ಇಳಿಸೋಕೆ ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿಸ್ತಿದ್ದಾರೆ. ಸರಿನಾ?" (ಹರಿಹರ)

ಇವತ್ತೇ ನಿಲ್ಲಿಸಿ. ಇಳಿಯುವುದು ನೀರು, ಕೊಬ್ಬಲ್ಲ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಹೀಗೆ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಪೈಲ್ವಾನರು ಸತ್ತರು. ಅವನು ಮೇಲಿನ ತೂಕದಲ್ಲಿ ಆಡಿ ಸೋತರೂ ಪರವಾಗಿಲ್ಲ.

"ಮೈಯಲ್ಲಿ ನೀರು ಜಾಸ್ತಿ ಅಂತ ಒಬ್ಬರು ಮೂತ್ರದ ಮಾತ್ರೆ ಕೊಟ್ಟಿದ್ದಾರೆ. ತೂಕ ಇಳಿದಿದೆ." (ಚಿತ್ರದುರ್ಗ)

ಕೊಟ್ಟವರು ಡಾಕ್ಟರ್ ಅಲ್ಲದಿದ್ದರೆ ಅವರ ಹತ್ತಿರ ಮತ್ತೆ ಹೋಗಬೇಡಿ. ಆ ಮಾತ್ರೆಯಿಂದ ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನುವ ಲವಣ ಇಳಿಯಬಹುದು, ಇಳಿದರೆ ಹೃದಯದ ಬಡಿತ ತಪ್ಪುತ್ತದೆ. ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ.

"ನನ್ನ ವಯಸ್ಸು 36, ಯಂತ್ರ 'ದೇಹದ ವಯಸ್ಸು 52' ಅಂತು." (ಹೊಳಲ್ಕೆರೆ)

ಆ ಸಾಲನ್ನು ಓದಬೇಡಿ.

"ಅಪ್ಪನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಈ ತಕ್ಕಡಿ ಹತ್ತಬಹುದಾ?" (ದಾವಣಗೆರೆ)

ಬೇಡ. ಅವರಿಗೆ ಮುಳ್ಳಿನ ಹಳೇ ತಕ್ಕಡಿ ಇಟ್ಟುಕೊಡಿ.