ಕೇರಂ ಆಡುವಾಗ ಬಾರದ ಟಿಕ್: ಒಂದು ಆಪ್ತಸಲಹೆ ಪ್ರಕರಣ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಮಾಲೀಕರು ತಮ್ಮ ಒಂಬತ್ತು ವರ್ಷದ ಮಗನನ್ನು ನನ್ನಲ್ಲಿಗೆ ಕರೆತರುವ ಹೊತ್ತಿಗೆ ಕಣ್ಣಿನ ವೈದ್ಯರು, ಗಂಟಲಿನ ವೈದ್ಯರು ಇಬ್ಬರೂ ನೋಡಿ ದೋಷವಿಲ್ಲವೆಂದಿದ್ದರು. ಹುಡುಗನ ತೋಳಿಗೆ ತಾಯತವೂ ಬಂದಿತ್ತು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಎರಡು ವರ್ಷಗಳ ಹಿಂದೆ ಕಣ್ಣು ಪಟಪಟನೆ ಮಿಟುಕಿಸುವುದರಿಂದ ಆರಂಭವಾದದ್ದು ಕೆಲಕಾಲ ತಗ್ಗಿ, ಆಮೇಲೆ ಭುಜ ಹಾರಿಸುವುದಾಗಿ, ಈಚೆಗೆ ಗಂಟಲಿನ ‘ಹುಂ ಹುಂ’ ಸದ್ದೂ ಸೇರಿಕೊಂಡಿತ್ತು. ಆ ಸದ್ದಿಗೆ ತರಗತಿ ನಗುತ್ತದೆಂದು ಶಿಕ್ಷಕರು ಅವನನ್ನು ಹೊರಗೆ ನಿಲ್ಲಿಸುತ್ತಿದ್ದರು.

“ಬೇಕಂತಲೇ ಮಾಡ್ತಾನ್ರೀ ಮೇಡಂ, ಕೇರಂ ಆಡುವಾಗ ಒಂದು ಸಲನೂ ಬರಲ್ಲ” ಎಂದರು ತಂದೆ. ಅವರು ಸಾಕ್ಷಿಯೆಂದು ಹೇಳಿದ ಈ ಮಾತೇ ಟಿಕ್‌ನ, ಅಂದರೆ ಬೇಕೆಂದು ಮಾಡದೆ ಮತ್ತೆ ಮತ್ತೆ ತಟ್ಟನೆ ಬರುವ ಚಲನೆ ಅಥವಾ ಸದ್ದಿನ, ಲಕ್ಷಣ. ಮನಸ್ಸು ಒಂದರಲ್ಲಿ ಮುಳುಗಿದಾಗ ಟಿಕ್ ತಗ್ಗುತ್ತದೆ. ದಣಿವು, ಆತಂಕ, ಅತಿಯಾದ ಸಂಭ್ರಮಗಳಲ್ಲಿ ಏರುತ್ತದೆ. ಅದರ ಬಗ್ಗೆ ಮಾತೆತ್ತಿದರಂತೂ ಇನ್ನೂ ಹೆಚ್ಚುತ್ತದೆ. ಹುಡುಗನನ್ನು ಒಬ್ಬನನ್ನೇ ಕೇಳಿದಾಗ, “ಗಂಟಲಲ್ಲಿ ಏನೋ ಕೂತಂಗಾಗುತ್ತೆ, ಸದ್ದು ಮಾಡಿದ್ರೆ ಹೋಗುತ್ತೆ” ಎಂದ. ಬಂದ ಸೀನನ್ನು ತಡೆಹಿಡಿದಂತೆ ಇದನ್ನೂ ಸ್ವಲ್ಪ ಹೊತ್ತು ತಡೆಯಬಹುದು, ಆದರೆ ಹೆಚ್ಚು ಹೊತ್ತಲ್ಲ.

ರೋಗನಿರ್ಣಯ ನನ್ನ ಕೆಲಸವಲ್ಲವಾದ್ದರಿಂದ ಮನೋವೈದ್ಯರಲ್ಲಿಗೆ ಕಳಿಸಿದೆ. ಒಂದಕ್ಕಿಂತ ಹೆಚ್ಚು ಬಗೆಯ ಚಲನೆಯ ಟಿಕ್‌ಗಳೂ ಕನಿಷ್ಠ ಒಂದು ಧ್ವನಿಯ ಟಿಕ್ಕೂ ಕಾಣಿಸಿಕೊಂಡು, 18 ವರ್ಷದೊಳಗೆ ಆರಂಭವಾಗಿ, ಒಂದು ವರ್ಷ ದಾಟಿದ್ದರಿಂದ ಅವರು ಇದನ್ನು ಟುರೆಟ್ ಸಿಂಡ್ರೋಮ್ ಎಂದರು. 1885ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ನರವೈದ್ಯನ ಹೆಸರೇ ಇದಕ್ಕೆ ಬಂದಿದೆ. ಇದಿದ್ದವರೆಲ್ಲ ಕೆಟ್ಟ ಮಾತು ಕೂಗುತ್ತಾರೆಂಬುದು ಸಿನಿಮಾ ನೋಡಿ ಬಂದ ನಂಬಿಕೆ; ಅಂಥವರು ಕೆಲವರು ಮಾತ್ರ.

ಇಷ್ಟು ಹೇಳುತ್ತಿರುವಾಗ ತಂದೆಯ ಬಲಭುಜವೂ ಆಗಾಗ ಮೇಲಕ್ಕೆ ಹಾರುತ್ತಿತ್ತು. ಶಾಲೆಯ ದಿನಗಳಿಂದ ಇದೆ, ಭತ್ತದ ದರ ಏರಿ ಚಿಂತೆಯಾದಾಗ ಜಾಸ್ತಿಯಾಗುತ್ತದೆ ಎಂದು ಅವರೇ ಒಪ್ಪಿದರು. ಟಿಕ್ ಮನೆತನದಲ್ಲಿ ಹರಿದುಬರುವುದುಂಟು. ಹೆಚ್ಚಿನ ಮಕ್ಕಳಲ್ಲಿ 10–12ರ ವಯಸ್ಸಿನಲ್ಲಿ ತೀವ್ರವಾಗಿ, ಹರೆಯ ಕಳೆಯುವಷ್ಟರಲ್ಲಿ ತಗ್ಗುತ್ತದೆ. ಕೆಲವರಿಗೆ ಮಾತ್ರ ಹೀಗೆ ಉಳಿಯುತ್ತದೆ. ತೊಂದರೆ ಕೊಡದಿದ್ದರೆ ಚಿಕಿತ್ಸೆ ಬೇಕಿಲ್ಲವೆಂದು ಅವರಿಗೆ ತಿಳಿಸಿದೆ. ದೊಡ್ಡವರಲ್ಲಿ ಹೊಸದಾಗಿ ಶುರುವಾದರೆ ಮಾತ್ರ ನರವೈದ್ಯರ ತಪಾಸಣೆ ಅಗತ್ಯ.

ಮೊದಲ ಸಲಹೆ ಕೊಟ್ಟದ್ದು ದೊಡ್ಡವರಿಗೆ: “ಮಾಡಬೇಡ” ಎನ್ನುವುದನ್ನು ಅಜ್ಜಿಯೂ ಸೇರಿ ಮನೆಯವರೆಲ್ಲ ನಿಲ್ಲಿಸಬೇಕು. ಸದ್ದನ್ನು ಶಿಕ್ಷೆಯಿಲ್ಲದೆ ಸಹಿಸುವಂತೆ, ಕಷ್ಟವಾದಾಗ ಅವನೇ ನೀರು ಕುಡಿಯಲು ಹೊರಗೆ ಹೋಗಿ ಬರುವಂತೆ ಶಾಲೆಗೆ ಪತ್ರ ಕೊಟ್ಟೆ. ಹುಡುಗನಿಗೆ ಅಭ್ಯಾಸ ಪರಿವರ್ತನೆಯ ತರಬೇತಿ ಆರಂಭಿಸಿದೆ: ಗಂಟಲಲ್ಲಿ ಒತ್ತಡ ಬಂದೊಡನೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡುವುದು, ಭುಜಕ್ಕೆ ಬಂದಾಗ ಮೊಣಕೈಯನ್ನು ಪಕ್ಕಕ್ಕೆ ಒತ್ತಿ ಹಿಡಿಯುವುದು, ಒತ್ತಡ ಇಳಿಯುವವರೆಗೆ ಹಾಗೆಯೇ ಇರುವುದು. ಹಲವು ಮಕ್ಕಳಿಗೆ ಟಿಕ್‌ಗಿಂತ ಅದರ ಜೊತೆ ಬರುವ ಗಮನದ ಕೊರತೆ ಅಥವಾ ಗೀಳು ಹೆಚ್ಚು ಕಾಡುವುದರಿಂದ ಅವನ್ನೂ ಪರೀಕ್ಷೆ ಮಾಡಿಸಿದೆವು. ಇವನಲ್ಲಿ ಗಮನದ ತೊಂದರೆ ಸ್ವಲ್ಪವಿತ್ತು. ದೂರದ ಊರಿನವರು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೆಲವು ತಿಂಗಳ ನಂತರವೂ ಭುಜ ಹಾರುತ್ತಿದೆ, ಸದ್ದು ಕಡಿಮೆಯಾಗಿದೆ. ಅವನನ್ನು ತರಗತಿಯಿಂದ ಹೊರಗೆ ಕಳಿಸುವುದು ನಿಂತಿದೆ. ಪರೀಕ್ಷೆಯ ಸಮಯದಲ್ಲಿ ಮತ್ತೆ ಏರಿ ನೋವು ಕೊಟ್ಟರೆ ಔಷಧಿಯ ಬಗ್ಗೆ ಮನೋವೈದ್ಯರೊಂದಿಗೆ ನಿರ್ಧರಿಸುವುದೆಂದು ತಂದೆತಾಯಿ ಒಪ್ಪಿದ್ದಾರೆ.