ಘಟ್ಟದ ಅಂಚಿನ ಶಾಲೆಯಲ್ಲಿ ಮಳೆಗೆ ಐದು ಹೆಸರು

ಆಗುಂಬೆ ಕಡೆಗೆ ವರ್ಗವಾಗಿದೆ, ಮನೆಯಲ್ಲಿ ತೆಲುಗು ಆಡುವ ಮಗಳನ್ನು ಇಲ್ಲಿಯ ಕನ್ನಡ ಶಾಲೆಗೆ ಸೇರಿಸಿದರೆ ಒಂಟಿಯಾಗುತ್ತಾಳೇನೋ ಎಂದು ಕೇಳಿದ್ದೀರಿ. ಶಿವಮೊಗ್ಗ ಜಿಲ್ಲೆ ಯಾವ ಹೊರರಾಜ್ಯಕ್ಕೂ ತಾಗಿಲ್ಲವಲ್ಲ, ನೀವು ಗಡಿನಾಡಿನವರು ಎಂದು ಹೇಳಿಕೊಳ್ಳುವುದು ಹೇಗೆ ಎಂದೂ ಕೇಳಿದ್ದೀರಿ. ಗಡಿಯ ವಿಷಯ ಮೊದಲು ಹೇಳಿಬಿಡುತ್ತೇನೆ.

1956ರ ನವೆಂಬರ್ 1ರವರೆಗೆ ಆಗುಂಬೆ ಗಡಿಯೇ ಆಗಿತ್ತು. ಘಟ್ಟದ ಮೇಲೆ ಮೈಸೂರು ರಾಜ್ಯ. ಕೆಳಗೆ ಸೋಮೇಶ್ವರದ ಕಡೆ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ. ಈಗ ಕೆಳಗಿನದು ಉಡುಪಿ ಜಿಲ್ಲೆ, ನಡುವೆ ಇರುವುದು 14 ತಿರುವು ಮಾತ್ರ. ಆದರೂ ನಮ್ಮ ಬಾಯಲ್ಲಿ ಅವರು ಇನ್ನೂ ‘ಘಟ್ಟದ ಕೆಳಗಿನವರು’, ಅವರಿಗೆ ನಾವು ‘ಘಟ್ಟದ ಮೇಲಿನವರು’. ಈ ದಾರಿಯಲ್ಲಿ ಮೀನು ಹತ್ತಿ ಬರುತ್ತದೆ, ಅಡಿಕೆ ಇಳಿದು ಹೋಗುತ್ತದೆ. ಹತ್ತಿ ಬಂದ ಎಷ್ಟೋ ಸಂಸಾರಗಳು ಇಲ್ಲೇ ನಿಂತವು.

ಹಾಗಾಗಿ ನನ್ನ ಮಗಳ ನಾಲ್ಕನೇ ಕ್ಲಾಸಿನಲ್ಲಿ ತುಳು ಮನೆಯವರಿದ್ದಾರೆ, ಕೊಂಕಣಿಯವರಿದ್ದಾರೆ, ಉರ್ದುವಿನವರಿದ್ದಾರೆ. ಶುಂಠಿ ಹಾಕಲು ಗದ್ದೆ ಗುತ್ತಿಗೆಗೆ ಹಿಡಿದು ಬಂದ ಮಲಯಾಳಂ ಮನೆಯ ಹುಡುಗಿಯೊಬ್ಬಳಿದ್ದಾಳೆ. ಕನ್ನಡದೊಳಗೂ ಹವ್ಯಕರ ಮನೆಯ ಮಾತು ಬೇರೆ, ದೀವರ ಮನೆಯದು ಬೇರೆ. ಬಿಸಿಯೂಟಕ್ಕೆ ಎಲ್ಲರೂ ಒಂದೇ ಸಾಲು: ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಆಟ, ಜಗಳ, ಮಗ್ಗಿ ಎಲ್ಲ ಕನ್ನಡದಲ್ಲೇ. ಐದು ಮನೆಮಾತಿನ ಮಕ್ಕಳು ಸೇರಿ ಕುಂಟೆಬಿಲ್ಲೆ ಆಡಬೇಕಾದರೆ ಒಂದು ಮಾತು ಬೇಕಲ್ಲ.

ಎರಡು ವರ್ಷದ ಹಿಂದೆ ವಾರ್ಷಿಕೋತ್ಸವಕ್ಕೆ ‘ವಿವಿಧತೆಯಲ್ಲಿ ಏಕತೆ’ ಮಾಡಿದ್ದೆವು. ತೀರ್ಥಹಳ್ಳಿಯಿಂದ ಬಾಡಿಗೆಗೆ ವೇಷ ತಂದು ಒಂದೊಂದು ಮಗುವನ್ನು ಒಂದೊಂದು ರಾಜ್ಯ ಮಾಡಿ ನಿಲ್ಲಿಸಿದೆವು. ಅಂಚಿಗೆ ಜರಿಯಿದ್ದ ಕೇರಳದ ಬಿಳಿ ಸೀರೆ ಬಂದದ್ದು ನನ್ನ ಮಗಳಿಗೆ. ಮಲಯಾಳಂ ಮನೆಯ ಹುಡುಗಿ ಪಕ್ಕದಲ್ಲೇ ಕಾಶ್ಮೀರದ ಟೋಪಿ ಹಾಕಿಕೊಂಡು, ನನ್ನ ಮಗಳ ಸೀರೆಯನ್ನೇ ನೋಡುತ್ತಾ ನಿಂತಿದ್ದಳು. ವೇದಿಕೆಯ ಮೇಲೆ ಆ ಮಗು ಒಂದು ಮಾತೂ ಆಡಲಿಲ್ಲ, ಆಡುವುದಕ್ಕೆ ನಾವು ಕೊಟ್ಟೂ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದ್ದೇನೆ, ಮುಂದಿನ ಸಭೆಯಲ್ಲಿ ಇದನ್ನು ಎತ್ತಿದೆ.

ಚಿಕ್ಕ ಕ್ಲಾಸಿನವರಿಗೆ ಆಡುತ್ತಾ ಕಲಿಸುವ ನಲಿ-ಕಲಿ ತೆಗೆದುಕೊಳ್ಳುವ ಟೀಚರ್ ಜೂನ್ ತಿಂಗಳಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಮಳೆಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ, ಅಜ್ಜಿಯನ್ನು ಕೇಳಿಕೊಂಡು ಬನ್ನಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಿಗೆ ಇದಕ್ಕಿಂತ ಒಳ್ಳೆಯ ಪದ ಬೇರೆ ಯಾವುದಿದೆ! ಮರುದಿನ ತುಳು ಹುಡುಗ ‘ಬರ್ಸ’ ತಂದ, ಉರ್ದು ಮನೆಯವಳು ‘ಬರ್ಸಾತ್’ ತಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಎರಡಕ್ಕೂ ಸಂಸ್ಕೃತದ ‘ವರ್ಷ’ವೇ ಬೇರು ಎಂದು ಟೀಚರ್ ಹೇಳಿಕೊಟ್ಟರು. ಕೊಂಕಣಿಯಿಂದ ‘ಪಾವ್ಸು’ ಬಂತು. ಕೊನೆಗೆ ಕಾಶ್ಮೀರದ ಟೋಪಿಯ ಹುಡುಗಿ ಮೆಲ್ಲಗೆ ‘ಮಳ’ ಎಂದಳು. ‘ಏ, ಅದು ನಮ್ಮ ಮಳೆನೇ ಕಣೇ!’ ಎಂದು ನನ್ನ ಮಗಳು ಕೂಗಿದಳಂತೆ. ಅಂದಿನಿಂದ ಇಬ್ಬರೂ ಒಂದೇ ಬೆಂಚು.

ಆ ವರ್ಷದ ವಾರ್ಷಿಕೋತ್ಸವಕ್ಕೆ ಬಾಡಿಗೆ ವೇಷ ತರಲಿಲ್ಲ. ಮಕ್ಕಳು ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೆಯೇ ಮೈಕಿನ ಮುಂದೆ ಮಳೆಗಾಲದ ಕಥೆ ಹೇಳಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿದರು. ಮಲಯಾಳಂ ಹುಡುಗಿಯ ತಾಯಿ ಮೊದಲ ಸಲ ಶಾಲೆಯ ಅಂಗಳಕ್ಕೆ ಬಂದದ್ದು ಅಂದೇ. ಅಷ್ಟು ದಿನ ಗೇಟಿನ ಹೊರಗೇ ನಿಂತು ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು.

ನಿಮ್ಮ ಮಗಳಿಗೆ ಮೊದಮೊದಲು ಕಷ್ಟವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಲೆಕ್ಕದ ಪದಗಳು ತೊಡರುತ್ತವೆ, ಮಳೆಗೆ ಹೊರಗೆ ಆಡಲೂ ಆಗುವುದಿಲ್ಲ. ಆದರೆ ಆಟದ ಕನ್ನಡ ಬೇಗ ಬರುತ್ತದೆ. ಕೊಡೆ ಇಲ್ಲಿಯ ಗಾಳಿಗೆ ನಿಲ್ಲುವುದಿಲ್ಲ, ರೈನ್‌ಕೋಟ್ ತನ್ನಿ. ಆ ಐದು ಹೆಸರು ಬರೆದ ಡ್ರಾಯಿಂಗ್ ಶೀಟು ಈಗ ನಾಲ್ಕನೇ ಕ್ಲಾಸಿನ ಗೋಡೆಯ ಮೇಲಿದೆ, ಕೆಳಗೆ ಜಾಗವೂ ಇದೆ. ತೆಲುಗಿನ ‘ವಾನ’ ಅದರಲ್ಲಿ ಇನ್ನೂ ಸೇರಿಲ್ಲ.