ಎಕ್ಸ್‌ಪೋ ಮುಗಿದ ಮೇಲೂ ಉಳಿದ ಕಟ್ಟಡಗಳು

ಪ್ರಶ್ನೆ: ಆರ್ಕಿಟೆಕ್ಚರ್ ಓದುವ ಮಗಳಿಗೆ ವಿಶ್ವ ಎಕ್ಸ್‌ಪೋದ (ಜಾಗತಿಕ ಪ್ರದರ್ಶನದ) ಪೆವಿಲಿಯನ್‌ಗಳನ್ನು, ಅಂದರೆ ಅದಕ್ಕೆಂದೇ ಕಟ್ಟುವ ಪ್ರದರ್ಶನ ಕಟ್ಟಡಗಳನ್ನು, ತೋರಿಸುವ ಆಸೆ. ಜಪಾನಿನ ಒಸಾಕಾದ್ದು 2025ರ ಅಕ್ಟೋಬರ್‌ನಲ್ಲೇ ಮುಗಿಯಿತು. ಈಗ ಎಲ್ಲಿಗೆ ಹೋಗೋಣ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದುಬೈಗೆ ಹೋಗಿ. ಎಕ್ಸ್‌ಪೋ ಮುಗಿದ ಮೇಲೆ ಹೆಚ್ಚಿನ ಪೆವಿಲಿಯನ್‌ಗಳನ್ನು ಬಿಚ್ಚಿಬಿಡುತ್ತಾರೆ, ಆದರೆ ದುಬೈನವರು ‘ಎಕ್ಸ್‌ಪೋ 2020’ ನಡೆದ ಜಾಗವನ್ನೇ ಎಕ್ಸ್‌ಪೋ ಸಿಟಿ ಮಾಡಿ ಮುಖ್ಯ ಕಟ್ಟಡಗಳನ್ನು ಉಳಿಸಿಕೊಂಡಿದ್ದಾರೆ. ಮೆಟ್ರೊ ಅಲ್ಲಿಗೇ ಹೋಗುತ್ತದೆ. ಅಲ್ ವಸ್ಲ್ ಗುಮ್ಮಟ ಸುಮಾರು 130 ಮೀಟರ್ ಅಗಲ, ಕತ್ತಲಾದ ಮೇಲೆ ಅದರ ಮೈಯೆಲ್ಲ ಚಿತ್ರ ಮೂಡುವ ಪರದೆಯಾಗುತ್ತದೆ. ನನಗೆ ಟೆರಾ ಪೆವಿಲಿಯನ್ ಇನ್ನೂ ಜಾಸ್ತಿ ಇಷ್ಟ. ಕೊಡೆಯಂಥ ಅದರ ಚಾವಣಿ ನೆರಳನ್ನೂ ಕೊಡುತ್ತದೆ, ಸೋಲಾರ್ ಕರೆಂಟನ್ನೂ ಕೊಡುತ್ತದೆ. ನಮ್ಮ ಗದಗ ಕಡೆಯ ಬಿಸಿಲಿಗೂ ಇಂಥದ್ದು ಬೇಕು ಅಲ್ವಾ, ಮಗಳು ಅದನ್ನು ನಿಂತು ನೋಡಲಿ. ಬೇಸಿಗೆ ಬೇಡ, ಡಿಸೆಂಬರ್-ಜನವರಿಯಲ್ಲಿ ಹೊರಡಿ.